ಮೂಲಬರಹ ಅದೇ, ಕಂಪೈಲರ್ ಹೊಸದು

2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ನಡುವಿನ 765 ಕಿಲೋವೋಲ್ಟ್ ವಿದ್ಯುತ್ ಮಾರ್ಗ ಚಾಲೂ ಆಯಿತು. ಅದುವರೆಗೆ ತನ್ನದೇ ಲಯದಲ್ಲಿ ಮಿಡಿಯುತ್ತಿದ್ದ ದಕ್ಷಿಣ ಭಾರತದ ಗ್ರಿಡ್, ಅಂದಿನಿಂದ ದೇಶದ ಉಳಿದ ಗ್ರಿಡ್ ಜೊತೆ ಹೆಜ್ಜೆ ಹಾಕತೊಡಗಿತು. ಇಡೀ ದೇಶಕ್ಕೆ ಒಂದೇ 50 ಹರ್ಟ್ಸ್. ಇಂಥ ಮಾರ್ಗವನ್ನು ಕಾಯಲು ಮನುಷ್ಯನ ಕಣ್ಣು, ಕೈ ಸಾಲದು. ಎಲ್ಲೋ ತಂತಿ ತುಂಡಾದರೆ, ಸಿಡಿಲು ಬಡಿದರೆ, ಸೆಕೆಂಡಿನ ಸಣ್ಣದೊಂದು ಪಾಲಿನಲ್ಲಿ ಮಾರ್ಗವನ್ನು ಕಡಿಯಬೇಕು. ಆ ತೀರ್ಮಾನ ಮಾಡುವುದು ಉಪಕೇಂದ್ರದ ಪ್ಯಾನೆಲ್ಲಿನೊಳಗೆ ಕೂತ ರಿಲೇ. ಇಂದಿನ ರಿಲೇ ಎಂದರೆ ಪುಟ್ಟ ಗಣಕ.

ಸೊಲ್ಲಾಪುರದಿಂದ ಪಶ್ಚಿಮಕ್ಕೆ ಹೋದರೆ ಮಂಗಳವೇಢೆ. ಬಿಜ್ಜಳನ ಕಾಲದಲ್ಲಿ ಬಸವಣ್ಣನವರು ಕರಣಿಕರಾಗಿದ್ದ ಊರು. ಇಲ್ಲಿನ ಕರಿಮಣ್ಣಿನ ಹಿಂಗಾರಿ ಜೋಳಕ್ಕೆ 2016ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿದೆ. ಆ ಜೋಳಕ್ಕೆ ಮಣ್ಣಿನಲ್ಲಿ ಉಳಿದ ತೇವವೇ ಸಾಕು. ಕಬ್ಬು, ದಾಳಿಂಬೆ ಹಾಕಿದವರಿಗೆ ಮಾತ್ರ ಕೊಳವೆಬಾವಿ ಬೇಕು, ಪಂಪು ಬೇಕು. ಸೌರ ಪಂಪಾದರೆ ಅದರ ಕಂಬಕ್ಕೆ ಬಿಗಿದ ಡಬ್ಬಿಯೊಳಗೆ ಒಂದು ಕಂಟ್ರೋಲರ್ ಇರುತ್ತದೆ. ಅದೂ ಗಣಕವೇ. ಫಲಕದ ವೋಲ್ಟೇಜನ್ನೂ ಕರೆಂಟನ್ನೂ ಕ್ಷಣಕ್ಷಣಕ್ಕೆ ಅಳೆದು, ಬಿಸಿಲು ಎಷ್ಟಿದೆಯೋ ಅಷ್ಟರಲ್ಲಿ ಗರಿಷ್ಠ ಶಕ್ತಿ ಹಿಂಡುತ್ತದೆ. ಬಾವಿಯಲ್ಲಿ ನೀರು ಮುಗಿದರೆ ಮೋಟಾರ್ ಸುಡುವ ಮೊದಲೇ ನಿಲ್ಲಿಸುತ್ತದೆ. ಅಕ್ಕಲಕೋಟೆಯ ಮನೆಯ ಗೋಡೆಗೆ ಹಾಕುವ ಎಲೆಕ್ಟ್ರಾನಿಕ್ ಮೀಟರಿನಲ್ಲೂ ಇನ್ನೊಂದು ಗಣಕ.

ಇವುಗಳಲ್ಲಿ ವಿಂಡೋಸ್ ಇಲ್ಲ, ಆಂಡ್ರಾಯ್ಡ್ ಇಲ್ಲ. ಹಲವುಗಳಲ್ಲಿ ಇರುವುದು ಎಂಬೆಡೆಡ್ ಆಪರೇಟಿಂಗ್ ಸಿಸ್ಟಂ, ಕೆಲವು ಸಾವಿರ ಬೈಟುಗಳಲ್ಲಿ ಹಿಡಿಸುವ ಪುಟ್ಟ ಕಾರ್ಯವ್ಯವಸ್ಥೆ. ರಿಚರ್ಡ್ ಬ್ಯಾರಿ 2003ರಲ್ಲಿ ಹೊರತಂದ ಫ್ರೀಆರ್‌ಟಿಒಎಸ್ ಈ ಬಗೆಯದು. ಲಿನಕ್ಸ್ ಫೌಂಡೇಶನ್ 2016ರಲ್ಲಿ ಶುರುಮಾಡಿದ ಝೆಫಿರ್ ಇನ್ನೊಂದು. ಒಂದೇ ಚಿಪ್ಪಿನ ಮೇಲೆ ಅಳೆಯುವ ಕೆಲಸ, ಲೆಕ್ಕ ಇಡುವ ಕೆಲಸ, ಸುದ್ದಿ ಕಳಿಸುವ ಕೆಲಸಗಳಿಗೆ ಸರದಿ ಹಂಚುವುದು ಇವುಗಳ ಕಸುಬು.

ಇಂಥ ವ್ಯವಸ್ಥೆಯನ್ನು ಹತ್ತು ಹದಿನೈದು ವರ್ಷ ಬಾಳಿಸಬೇಕು ಎಂದಾಗ ಎದುರಾಗುವ ಒಂದು ಕೆಲಸವೇ ಈ ಅಧ್ಯಾಯದ ವಿಷಯ. ಕಂಪೈಲರ್ ಬದಲಿಸುವುದು.

ಎಂಜಿನಿಯರ್ ಬರೆಯುವುದು ಸಾಮಾನ್ಯವಾಗಿ ಸಿ ಭಾಷೆಯಲ್ಲಿ. ಚಿಪ್ಪಿಗೆ ಸಿ ಗೊತ್ತಿಲ್ಲ. ಸೊಲ್ಲಾಪುರದ ಚಾದರ್ ನೇಯುವವರಿಗೆ ಈ ಸಂಬಂಧ ತಕ್ಷಣ ಅರ್ಥವಾದೀತು: ಗ್ರಾಫ್ ಹಾಳೆಯ ಮೇಲೆ ಬಿಡಿಸಿದ ನಕ್ಷೆಯನ್ನು ಜಕಾರ್ಡ್ ಮಗ್ಗ ಓದಲಾರದು, ಯಾರಾದರೂ ಅದನ್ನು ರಟ್ಟಿನ ಕಾರ್ಡುಗಳ ತೂತುಗಳಾಗಿ ಕೊರೆದುಕೊಡಬೇಕು. ಸಿ ಬರಹವನ್ನು ಚಿಪ್ಪಿನ ಯಂತ್ರಭಾಷೆಗೆ ಇಳಿಸುವುದು ಕಂಪೈಲರ್. ಅದೊಂದೇ ಸಾಲದು. ಅಸೆಂಬ್ಲರ್ ಬೇಕು, ಬಿಡಿ ತುಂಡುಗಳನ್ನು ಜೋಡಿಸುವ ಲಿಂಕರ್ ಬೇಕು, ಸಿ ಲೈಬ್ರರಿ ಬೇಕು, ತಪ್ಪು ಹುಡುಕಲು ಡಿಬಗರ್ ಬೇಕು. ಈ ಇಡೀ ಸರಂಜಾಮಿಗೆ ಟೂಲ್‌ಚೈನ್ ಎನ್ನುತ್ತಾರೆ. ರಿಚರ್ಡ್ ಸ್ಟಾಲ್‌ಮನ್ 1987ರಲ್ಲಿ ಬಿಡುಗಡೆ ಮಾಡಿದ ಜಿಸಿಸಿ, ಅದರ ಜೊತೆಗಿನ, ಅಸೆಂಬ್ಲರ್ ಲಿಂಕರ್‌ಗಳಿರುವ ಬಿನ್‌ಯುಟಿಲ್ಸ್, ಪುಟ್ಟ ಚಿಪ್ಪುಗಳಿಗೆಂದೇ ರೂಪಿಸಿದ ನ್ಯೂಲಿಬ್ ಲೈಬ್ರರಿ, ಈ ಮೂರರ ಮೇಲೆ ಜಗತ್ತಿನ ಎಷ್ಟೋ ಪುಟ್ಟ ಗಣಕಗಳು ನಿಂತಿವೆ.

ಕೆಲಸ ಮಾಡುತ್ತಿರುವ ಕಂಪೈಲರನ್ನು ಯಾಕೆ ಬದಲಿಸಬೇಕು? ಹೊಸ ಚಿಪ್ಪಿನ ಹೆಸರು ಹಳೆಯ ಕಂಪೈಲರಿಗೆ ಗೊತ್ತಿರುವುದಿಲ್ಲ. ಹಳೆಯದರಲ್ಲಿ ಕಂಡ ದೋಷಗಳನ್ನು ಯಾರೂ ತಿದ್ದಿಕೊಡುವುದಿಲ್ಲ. ಕೊನೆಗೊಂದು ದಿನ ಅದು ಹೊಸ ಲ್ಯಾಪ್‌ಟಾಪಿನಲ್ಲಿ ಓಡುವುದೇ ಇಲ್ಲ. ಹಾಗಾಗಿ ಬದಲಾವಣೆಯನ್ನು ಮುಂದೂಡಬಹುದೇ ಹೊರತು ತಪ್ಪಿಸಲಾಗದು. ಮುಂದೂಡಿದಷ್ಟೂ ದಾಟಬೇಕಾದ ಹಳ್ಳ ಅಗಲವಾಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಹೊಸ ಕಂಪೈಲರ್ ಹಾಕಿದೊಡನೆ ಪರದೆಯ ತುಂಬ ಕೆಂಪು ಸಾಲುಗಳು ಬಂದರೆ ಗಾಬರಿಯಾಗಬೇಕಿಲ್ಲ. ಅವು ಉಪಕಾರಿಗಳು. 2020ರ ಜಿಸಿಸಿ 10ನ್ನು ನೋಡಿ. ಅದಕ್ಕೂ ಮೊದಲು, ಒಂದೇ ಹೆಸರಿನ ಜಾಗತಿಕ ಚರಾಂಶವನ್ನು ಎರಡು ಕಡತಗಳಲ್ಲಿ ಘೋಷಿಸಿದರೆ ಲಿಂಕರ್ ತೆಪ್ಪಗೆ ಎರಡನ್ನೂ ಒಂದೇ ಜಾಗಕ್ಕೆ ಸೇರಿಸುತ್ತಿತ್ತು. ಇಬ್ಬರು ಎಂಜಿನಿಯರುಗಳು ಬೇರೆ ಬೇರೆ ಉದ್ದೇಶಕ್ಕೆ ‘ಎಣಿಕೆ’ ಎಂಬ ಹೆಸರಿಟ್ಟಿದ್ದರೂ ಸೇರಿಸುತ್ತಿತ್ತು. ಒಬ್ಬರ ಲೆಕ್ಕವನ್ನು ಇನ್ನೊಬ್ಬರ ಲೆಕ್ಕ ಅಳಿಸುತ್ತಿತ್ತು. ಜಿಸಿಸಿ 10 ಈ ರಿಯಾಯಿತಿಯನ್ನು ಕೇಳದೆ ಕೊಡುವುದನ್ನು ನಿಲ್ಲಿಸಿತು. ವರ್ಷಗಟ್ಟಲೆ ಸರಾಗವಾಗಿದ್ದ ಪ್ರಾಜೆಕ್ಟುಗಳು ಲಿಂಕ್ ಆಗದೆ ನಿಂತವು. 2024ರ ಜಿಸಿಸಿ 14 ಇನ್ನೂ ಕಟ್ಟುನಿಟ್ಟು: ಮುಂಚಿತವಾಗಿ ಘೋಷಿಸದ ಫಂಕ್ಷನ್ ಕರೆದರೆ ಎಚ್ಚರಿಕೆಯ ಬದಲು ದೋಷ. ಅರ್ಡ್ವಿನೋ ಬಳಸಿದ ವಿದ್ಯಾರ್ಥಿಗಳಿಗೂ ಇಂಥದೊಂದು ನೆನಪಿರಬಹುದು. ಅದರೊಳಗಿನ ಎವಿಆರ್ ಕಂಪೈಲರ್ ಹೊಸದಾದಾಗ, ಫ್ಲ್ಯಾಶ್ ಸ್ಮೃತಿಯಲ್ಲಿಡುವ ಕೋಷ್ಟಕಗಳಿಗೆ ‘ಕಾನ್ಸ್ಟ್’ ಎಂಬ ಪದ ಕಡ್ಡಾಯವಾಗಿ, ಎಷ್ಟೋ ಹಳೆಯ ಲೈಬ್ರರಿಗಳು ಕಂಪೈಲ್ ಆಗದೆ ಕೂತವು.

ಆಪರೇಟಿಂಗ್ ಸಿಸ್ಟಂ ಬರೆಯುವವರಿಗೆ ತಟ್ಟಿದ್ದು 2022ರ ರಿಸ್ಕ್-ಫೈವ್ ಬದಲಾವಣೆ. ಐಐಟಿ ಮದ್ರಾಸಿನ ಶಕ್ತಿ, ಸಿ-ಡಾಕ್‌ನ ವೇಗ, ಎರಡೂ ಪ್ರೊಸೆಸರುಗಳು ಈ ರಿಸ್ಕ್-ಫೈವ್ ಆಜ್ಞಾಸಮೂಹವನ್ನೇ ಆಧರಿಸಿದವು. ಅದರ ನಿಯಮಪುಸ್ತಕ ಪರಿಷ್ಕಾರವಾದಾಗ, ಇಂಟರಪ್ಟುಗಳನ್ನು, ಅಂದರೆ ಓಡುತ್ತಿರುವ ಕೆಲಸವನ್ನು ನಡುವೆ ನಿಲ್ಲಿಸಿ ತುರ್ತು ಕೆಲಸಕ್ಕೆ ಕರೆಯುವ ಸಂಕೇತಗಳನ್ನು, ತೆರೆಯುವ ಮುಚ್ಚುವ ಆಜ್ಞೆಗಳು ಮೂಲ ಪಟ್ಟಿಯಿಂದ ಹೊರಬಿದ್ದು ‘ಝಡ್‌ಐಸಿಎಸ್‌ಆರ್’ ಎಂಬ ಪ್ರತ್ಯೇಕ ವಿಸ್ತರಣೆಗೆ ಸೇರಿದವು. ಬಿನ್‌ಯುಟಿಲ್ಸ್ 2.38 ಈ ಹೊಸ ಪಟ್ಟಿಯನ್ನು ಪಾಲಿಸತೊಡಗಿತು. ಚಿಪ್ಪು ಅದೇ, ಆಜ್ಞೆ ಅದೇ. ಆದರೆ ನಿನ್ನೆಯವರೆಗೆ ಒಪ್ಪುತ್ತಿದ್ದ ಅಸೆಂಬ್ಲರ್ ಇಂದು ಅಂಥ ಆಜ್ಞೆಯೇ ಗೊತ್ತಿಲ್ಲ ಎಂದಿತು. ಇಂಟರಪ್ಟ್ ಮುಟ್ಟದೆ ಇಂಥ ಕಾರ್ಯವ್ಯವಸ್ಥೆಗಳು ಸಾಮಾನ್ಯವಾಗಿ ಸರದಿ ಹಂಚಲಾರವು. ಬಿಲ್ಡ್ ಕಡತದಲ್ಲಿ ಆ ವಿಸ್ತರಣೆಯ ಹೆಸರು ಸೇರಿಸಿದರೆ ಸಮಸ್ಯೆ ಮುಗಿಯಿತು.

ಇವೆಲ್ಲ ಸದ್ದು ಮಾಡುವ ದೋಷಗಳು. ಸದ್ದಿಲ್ಲದವು ಬೇರೆ ಇವೆ. ನಿದ್ದೆ ಕೆಡಿಸುವವು ಅವೇ.

ಪಂಪಿನ ಡಬ್ಬಿಗೇ ಹೋಗೋಣ. ‘ನೀರಿಲ್ಲ’ ಎಂಬ ಒಂದು ಚರಾಂಶ ಇದೆ ಎನ್ನಿ. ಮೊದಲಿಗೆ ಅದರ ಬೆಲೆ ಸೊನ್ನೆ. ಬಾವಿ ಬತ್ತಿ ಮೋಟಾರಿನ ಕರೆಂಟ್ ಇಳಿದರೆ ಒಂದು ಇಂಟರಪ್ಟ್ ಎದ್ದು ಅದನ್ನು ಒಂದು ಮಾಡುತ್ತದೆ. ಮುಖ್ಯ ಪ್ರೋಗ್ರಾಂ ಒಂದು ಸುತ್ತಿನಲ್ಲಿ ನಿಂತು, ‘ನೀರಿಲ್ಲ’ ಸೊನ್ನೆ ಇರುವವರೆಗೆ ಮೋಟಾರ್ ಓಡಿಸುತ್ತಿರುತ್ತದೆ. ಓದುವ ಮನುಷ್ಯನಿಗೆ ಇದರಲ್ಲಿ ಗೊಂದಲವೇ ಇಲ್ಲ. ಕಂಪೈಲರಿಗೆ ಕಾಣುವುದು ಬೇರೆ. ಈ ಸುತ್ತಿನೊಳಗೆ ‘ನೀರಿಲ್ಲ’ವನ್ನು ಯಾರೂ ಬದಲಿಸುತ್ತಿಲ್ಲ, ಹಾಗಾದರೆ ಪ್ರತಿ ಸಲ ಸ್ಮೃತಿಯಿಂದ ಯಾಕೆ ಓದಬೇಕು? ಒಮ್ಮೆ ಚಿಪ್ಪಿನೊಳಗಿನ ರಿಜಿಸ್ಟರಿಗೆ ತಂದುಕೊಂಡರೆ ಸಾಕಲ್ಲ? ಇಂಟರಪ್ಟ್ ಎಂಬುದು ಭಾಷೆಯ ನಿಯಮದೊಳಗೆ ಅದರ ಕಣ್ಣಿಗೆ ಬೀಳುವ ಸಂಗತಿಯಲ್ಲ. ಯಂತ್ರಭಾಷೆಯ ಪಟ್ಟಿ ತೆಗೆಸಿ ನೋಡಿದರೆ ಅಲ್ಲಿ ಉಳಿದಿರುವುದು ಇಷ್ಟು: ಬೆಲೆಯನ್ನು ಒಮ್ಮೆ ಓದು, ಸೊನ್ನೆಯೇ ನೋಡು, ಸೊನ್ನೆಯಾದರೆ ಸುತ್ತು ಹಾಕುತ್ತಲೇ ಇರು. ಆಮೇಲೆ ಸ್ಮೃತಿಯಲ್ಲಿ ಒಂದು ಬಂದರೂ ನೋಡುವವರಿಲ್ಲ. ಬಾವಿ ಬತ್ತಿದೆ, ಇಂಟರಪ್ಟ್ ಕೂಗಿದೆ, ಮೋಟಾರ್ ಓಡುತ್ತಲೇ ಇದೆ.

ಹಳೆಯ ಕಂಪೈಲರಿನಲ್ಲಿ ಇದೇ ಬರಹ ಸರಿಯಾಗಿ ನಡೆಯುತ್ತಿತ್ತಲ್ಲ, ಹೇಗೆ? ಸುತ್ತಿನೊಳಗೆ ಮೋಟಾರ್ ಓಡಿಸುವ ಫಂಕ್ಷನ್ ಬೇರೆ ಕಡತದಲ್ಲಿತ್ತು. ಅದರೊಳಗೆ ಏನು ನಡೆಯುತ್ತದೋ ಕಾಣದ ಕಾರಣ, ಅದು ‘ನೀರಿಲ್ಲ’ವನ್ನು ಬದಲಿಸಿರಬಹುದು ಎಂದು ಕಂಪೈಲರ್ ಪ್ರತಿ ಸಲ ಹೊಸದಾಗಿ ಓದುತ್ತಿತ್ತು. ಹೊಸ ಟೂಲ್‌ಚೈನಿನೊಂದಿಗೆ ಲಿಂಕ್ ಹಂತದ ಆಪ್ಟಿಮೈಸೇಷನ್ ಚಾಲೂ ಮಾಡಿದರೆ ಎಲ್ಲ ಕಡತಗಳೂ ಒಂದೇ ನೋಟಕ್ಕೆ ತೆರೆದುಕೊಳ್ಳುತ್ತವೆ, ಅಡ್ಡಗೋಡೆ ಬೀಳುತ್ತದೆ. ‘ವೋಲಟೈಲ್’ ಎಂಬ ಒಂದೇ ಪದವನ್ನು ಚರಾಂಶದ ಘೋಷಣೆಯಲ್ಲಿ ಬರೆದಿದ್ದರೆ ಯಾವ ಕಂಪೈಲರೂ ಓದುವುದನ್ನು ಬಿಡುತ್ತಿರಲಿಲ್ಲ. ಬರಹದಲ್ಲಿ ತಪ್ಪು ಮೊದಲ ದಿನದಿಂದಲೂ ಇತ್ತು. ಸದ್ದಿಲ್ಲದ ದೋಷಗಳಲ್ಲಿ ಬಹುಪಾಲಿನ ಕಥೆ ಇದೇ. ಕಂಪೈಲರಿನದೇ ತಪ್ಪು ಇರುವುದೂ ಉಂಟು. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಸಿಸ್ಮಿತ್ ಎಂಬ ಸಾಧನ ಅಡ್ಡಾದಿಡ್ಡಿ ಸಿ ಪ್ರೋಗ್ರಾಂಗಳನ್ನು ತಾನೇ ಹುಟ್ಟಿಸಿ, 2011ರ ಹೊತ್ತಿಗೆ ಬೇರೆ ಬೇರೆ ಕಂಪೈಲರುಗಳಲ್ಲಿ 325ಕ್ಕೂ ಹೆಚ್ಚು ಹೊಸ ದೋಷಗಳನ್ನು ಪತ್ತೆ ಮಾಡಿತು. ಆದರೂ ಅನುಮಾನದ ಬೆರಳು ಮೊದಲು ನಮ್ಮ ಬರಹದ ಕಡೆಗೇ ಇರಲಿ.

ಪಳಗಿದ ಕೈಗಳೂ ಇದರಲ್ಲಿ ಎಡವಿವೆ. 2009ರಲ್ಲಿ ಲಿನಕ್ಸ್ ಕರ್ನೆಲ್ಲಿನ ‘ಟನ್’ ಚಾಲಕದಲ್ಲಿ ಸ್ಮೃತಿಯ ವಿಳಾಸ ಹಿಡಿದಿಡುವ ಒಂದು ಪಾಯಿಂಟರಿನ ಮೂಲಕ ಬೆಲೆ ಓದಿಕೊಂಡು, ಆಮೇಲಷ್ಟೇ ಆ ಪಾಯಿಂಟರ್ ಶೂನ್ಯವೇ ಎಂದು ಪರೀಕ್ಷಿಸಿದ್ದರು. ಈಗಾಗಲೇ ಓದಿ ಆಗಿದೆ, ಅಂದಮೇಲೆ ಅದು ಶೂನ್ಯವಾಗಿರಲು ನಿಯಮದ ಪ್ರಕಾರ ಸಾಧ್ಯವಿಲ್ಲ ಎಂದು ಜಿಸಿಸಿ ಆ ಪರೀಕ್ಷೆಯನ್ನೇ ಅಳಿಸಿತು. ಅಳಿಸಿದ ಜಾಗದಿಂದ ನುಗ್ಗಿ ಇಡೀ ಗಣಕವನ್ನು ವಶಪಡಿಸಿಕೊಳ್ಳುವ ದಾರಿಯನ್ನು ತೋರಿಸಿದವರೂ ಬಂದರು. ಆಮೇಲೆ ಕರ್ನೆಲ್ ತಂಡ, ಅಂಥ ಪರೀಕ್ಷೆಗಳನ್ನು ಅಳಿಸಕೂಡದೆಂದು ಕಂಪೈಲರಿಗೆ ಹೇಳುವ ಆಯ್ಕೆಯನ್ನು ಬಿಲ್ಡ್‌ಗೆ ಸೇರಿಸಿತು.

ಇನ್ನೊಂದು ಸದ್ದಿಲ್ಲದ ದೋಷ ಲೈಬ್ರರಿಯ ಕಡೆಯಿಂದ ಬರುತ್ತದೆ. ಇದನ್ನು ಮೀಟರಿನ ಉದಾಹರಣೆಯಲ್ಲಿ ನೋಡಬೇಕು, ಯಾಕೆಂದರೆ ಇಲ್ಲಿ ಕೆಡುವುದು ಲೆಕ್ಕಪತ್ರ.

ಸಿ ಭಾಷೆಯಲ್ಲಿ ಕಾಲವನ್ನು ಇಡುವ ‘ಟೈಂ-ಟಿ’ ಎಂಬ ಬಗೆ ಪುಟ್ಟ ಚಿಪ್ಪುಗಳಲ್ಲಿ ಬಹುಕಾಲ 32 ಬಿಟ್ ಇತ್ತು. 1970ರ ಜನವರಿ 1ರಿಂದ ಸೆಕೆಂಡುಗಳನ್ನು ಎಣಿಸುತ್ತ ಹೋಗುವ ಈ ಲೆಕ್ಕ 2038ರ ಜನವರಿ 19ರಂದು, ನಮ್ಮ ಗಡಿಯಾರದ ಪ್ರಕಾರ ಬೆಳಗಿನ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ತುಂಬಿಹೋಗುತ್ತದೆ. ಮರುಸೆಕೆಂಡಿಗೆ ಅದು ಋಣಸಂಖ್ಯೆಯಾಗಿ 1901ಕ್ಕೆ ಜಿಗಿಯುತ್ತದೆ. ಇಂದು ಗೋಡೆಗೆ ಹಾಕಿದ ಮೀಟರ್ ಅಂದಿನವರೆಗೂ ಬದುಕಿರಬಹುದು. ಅದಕ್ಕೇ ನ್ಯೂಲಿಬ್ 3.0 ಆವೃತ್ತಿಯಿಂದ ಈ ಬಗೆಯನ್ನು 64 ಬಿಟ್ ಮಾಡಿದರು. ಒಳ್ಳೆಯ, ಅಗತ್ಯದ ಬದಲಾವಣೆ.

ಈಗ ಮೀಟರಿನ ಅಳಿಯದ ಸ್ಮೃತಿಯಲ್ಲಿ ಪ್ರತಿ ದಾಖಲೆ ಹೀಗಿದೆ ಎಂದುಕೊಳ್ಳಿ: ಮೊದಲು ಕಾಲ, ಪಕ್ಕದಲ್ಲಿ ಯೂನಿಟ್. ಕಾಲಕ್ಕೆ 4 ಬೈಟು, ಯೂನಿಟ್ಟಿಗೆ 4 ಬೈಟು, ಒಟ್ಟು 8. ಹೊಸ ಟೂಲ್‌ಚೈನಿನಲ್ಲಿ ಮತ್ತೆ ಕಂಪೈಲ್ ಮಾಡಿದರೆ ಕಾಲಕ್ಕೆ 8 ಬೈಟು, ಯೂನಿಟ್ಟಿಗೆ 4. ಆರ್ಮ್ ಚಿಪ್ಪಿನಲ್ಲಿ 64 ಬಿಟ್ಟಿನ ಅಂಶ 8ರ ಗಡಿಯಲ್ಲೇ ಕೂರಬೇಕಾದ್ದರಿಂದ ಕೊನೆಗೆ 4 ಬೈಟು ಖಾಲಿ. ಒಟ್ಟು 16. ಹೊಸ ಪ್ರೋಗ್ರಾಂ ಹಳೆಯ ದಾಖಲೆಯನ್ನು ಓದಲು ಹೋದಾಗ ಮೊದಲ ದಾಖಲೆಯ ಕಾಲ, ಯೂನಿಟ್ ಎರಡನ್ನೂ ಸೇರಿಸಿ ಒಂದು ಕಾಲವೆಂದು ತಿಳಿಯುತ್ತದೆ. ಎರಡನೆಯ ದಾಖಲೆಯ ಕಾಲವನ್ನು ಮೊದಲನೆಯದರ ಯೂನಿಟ್ ಎಂದು ಓದುತ್ತದೆ. ಮೂಲಬರಹದಲ್ಲಿ ಒಂದು ಅಕ್ಷರವೂ ಬದಲಾಗಿಲ್ಲ. ಕಂಪೈಲರ್ ಎಚ್ಚರಿಕೆ ಕೊಟ್ಟಿಲ್ಲ. ಕಾರ್ಖಾನೆಯ ಮೇಜಿನ ಮೇಲಿನ ಹೊಸ ಮೀಟರಿನಲ್ಲಿ ಪರೀಕ್ಷೆಯೂ ಪಾಸು, ಯಾಕೆಂದರೆ ಅದರಲ್ಲಿ ಹಳೆಯ ದಾಖಲೆಗಳೇ ಇಲ್ಲ.

ಹೀಗಾಗಿ ಸ್ಮೃತಿಯಲ್ಲಿ ಉಳಿಯುವ, ತಂತಿಯ ಮೇಲೆ ಹೋಗುವ ಪ್ರತಿಯೊಂದು ಅಂಶಕ್ಕೂ ‘32 ಬಿಟ್’, ‘64 ಬಿಟ್’ ಎಂದು ಗಾತ್ರವನ್ನು ಬಾಯಿಬಿಟ್ಟು ಹೇಳಬೇಕು. ಸಿ99 ಮಾನಕದಿಂದ ಈಚೆಗೆ ಅದಕ್ಕೆ ಸರಿಯಾದ ಬಗೆಗಳು ಭಾಷೆಯಲ್ಲೇ ಇವೆ. ಪರೀಕ್ಷೆಯ ಮೇಜಿನ ಮೇಲೆ ಬಳಸಿ ಹಳತಾದ ಉಪಕರಣವೂ ಒಂದಿರಬೇಕು.

ಸ್ಟ್ಯಾಕಿನ, ಅಂದರೆ ಫಂಕ್ಷನ್‌ಗಳು ಓಡುವಾಗ ತಾತ್ಕಾಲಿಕವಾಗಿ ಬಳಸುವ ಸ್ಮೃತಿಯ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. ಪುಟ್ಟ ಕಾರ್ಯವ್ಯವಸ್ಥೆಯಲ್ಲಿ ಪ್ರತಿ ಕೆಲಸಕ್ಕೂ ಇಷ್ಟೇ ಎಂದು ಅಳೆದು ಸ್ಟ್ಯಾಕ್ ಕೊಟ್ಟಿರುತ್ತಾರೆ, ಕೆಲವೊಮ್ಮೆ 512 ಬೈಟು ಮಾತ್ರ. ಹೊಸ ಕಂಪೈಲರ್ ಚಿಕ್ಕ ಫಂಕ್ಷನ್‌ಗಳನ್ನು ದೊಡ್ಡದರೊಳಗೆ ಬೆಸೆದಾಗ ಅವುಗಳ ಜಾಗವೂ ಒಟ್ಟಾಗಿ, ಮೊದಲು ಸಾಲುತ್ತಿದ್ದ ಸ್ಟ್ಯಾಕ್ ಸಾಲದೆ ಪಕ್ಕದ ಕೆಲಸದ ಸ್ಮೃತಿಯನ್ನು ತುಳಿಯಬಹುದು. ಸ್ಟ್ಯಾಕಿನಲ್ಲಿ ಎಷ್ಟು ಜಾಗ ಎಂದೂ ಮುಟ್ಟದೆ ಉಳಿದಿದೆ ಎಂದು ತಿಳಿಸುವ ಫಂಕ್ಷನ್ ಫ್ರೀಆರ್‌ಟಿಒಎಸ್‌ನಲ್ಲಿದೆ. ಬದಲಾವಣೆಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಅದನ್ನು ಕೇಳಿ ಬರೆದಿಟ್ಟುಕೊಳ್ಳಬೇಕು.

ದೋಷ ಎಲ್ಲಿದೆ ಎಂದು ತಿಳಿಯದಾಗ ಹುಡುಕುವ ಒಂದು ಸೊಗಸಾದ ವಿಧಾನವಿದೆ. ಪ್ರಾಜೆಕ್ಟಿನಲ್ಲಿ 64 ಕಡತಗಳಿವೆ ಎನ್ನಿ. 32ನ್ನು ಹಳೆಯ ಕಂಪೈಲರಿನಲ್ಲಿ, ಉಳಿದ 32ನ್ನು ಹೊಸದರಲ್ಲಿ ಕಂಪೈಲ್ ಮಾಡಿ ಒಟ್ಟಿಗೆ ಲಿಂಕ್ ಮಾಡುವುದು. ದೋಷ ಕಾಣಿಸಿದರೆ ಅದು ಹೊಸದರಲ್ಲಿ ಮಾಡಿದ 32ರಲ್ಲಿದೆ. ಕಾಣದಿದ್ದರೆ ಇನ್ನೊಂದು ಅರ್ಧದಲ್ಲಿದೆ. ಮತ್ತೆ ಅರ್ಧ, ಮತ್ತೆ ಅರ್ಧ. ದೋಷ ಒಂದೇ ಕಡತದಲ್ಲಿದ್ದರೆ ಆರನೇ ಸುತ್ತಿಗೆ ಅದು ಕೈಗೆ ಸಿಗುತ್ತದೆ. ಅದರ ಯಂತ್ರಭಾಷೆಯ ಎರಡೂ ರೂಪಗಳನ್ನು ಅಕ್ಕಪಕ್ಕ ಇಟ್ಟು ಓದಬಹುದು. ಎರಡೂ ಟೂಲ್‌ಚೈನ್‌ಗಳು ಅಂಶಗಳ ಗಾತ್ರದ ಬಗ್ಗೆ, ಫಂಕ್ಷನ್ ಕರೆಯುವ ರೀತಿಯ ಬಗ್ಗೆ ಒಂದೇ ಒಪ್ಪಂದ ಪಾಲಿಸುತ್ತಿದ್ದರೆ ಮಾತ್ರ ಈ ಬೆರಕೆ ನಡೆಯುತ್ತದೆ. ಮೇಲಿನ 64 ಬಿಟ್ ಕಾಲದಂಥ ಬದಲಾವಣೆ ನಡುವೆ ಬಂದಿದ್ದರೆ ಬೆರಕೆಯೇ ಹೊಸ ದೋಷಗಳನ್ನು ಹುಟ್ಟಿಸುತ್ತದೆ. ಆದ್ದರಿಂದಲೇ ಕಂಪೈಲರ್, ಲೈಬ್ರರಿ, ಆಪ್ಟಿಮೈಸೇಷನ್ ಆಯ್ಕೆ, ಮೂರನ್ನೂ ಒಂದೇ ದಿನ ಬದಲಿಸಬಾರದು. ಅವಸರದಲ್ಲಿರುವ ತಂಡಗಳು ಈ ಮಾತನ್ನು ಮೊದಲು ಮರೆಯುತ್ತವೆ.

ಈ ವಿದ್ಯೆ ನಮಗೆ ದೂರದ್ದೇನಲ್ಲ. ಮಂಗಳವೇಢೆ ಇರುವ ರಾಜ್ಯದಲ್ಲೇ, ಪುಣೆಯ ಕೆಪಿಐಟಿ ಕಮಿನ್ಸ್ ಸಂಸ್ಥೆ ಜಪಾನಿನ ರೆನೆಸಾಸ್ ಚಿಪ್ಪುಗಳಿಗಾಗಿ ಜಿಸಿಸಿ ಆಧಾರಿತ ಟೂಲ್‌ಚೈನ್‌ಗಳನ್ನು ಸಿದ್ಧಪಡಿಸಿ ಉಚಿತವಾಗಿ ಹಂಚುತ್ತಿತ್ತು. ಐಐಟಿ ಬಾಂಬೆಯಲ್ಲಿ ಉದಯ್ ಖೇಡ್ಕರ್ ಅವರ ಮುಂದಾಳತ್ವದಲ್ಲಿ ಜಿಸಿಸಿ ರಿಸೋರ್ಸ್ ಸೆಂಟರ್ ನಡೆದು, ಲಕ್ಷಾಂತರ ಸಾಲುಗಳ ಆ ಕಂಪೈಲರಿನ ಒಳಗನ್ನು ವಿದ್ಯಾರ್ಥಿಗಳಿಗೆ ಬಿಡಿಸಿ ತೋರಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವೈ.ಎನ್. ಶ್ರೀಕಾಂತ್ ಮತ್ತು ಪ್ರೀತಿ ಶಂಕರ್ ಸಂಪಾದಿಸಿದ ಕಂಪೈಲರ್ ವಿನ್ಯಾಸದ ಕೈಪಿಡಿ 2002ರಲ್ಲಿ ಹೊರಬಂತು.

ಚಿಪ್ಪು ತಯಾರಿಸುವ ದೇಶಕ್ಕೆ ಟೂಲ್‌ಚೈನ್ ಎಷ್ಟು ಮುಖ್ಯ ಎಂಬುದಕ್ಕೆ ಇಸ್ರೋದ ಎರಡು ಪ್ರೊಸೆಸರುಗಳು ಸಾಕ್ಷಿ. ಚಂಡೀಗಢದ ಸೆಮಿಕಂಡಕ್ಟರ್ ಲ್ಯಾಬೊರೇಟರಿಯ ಜೊತೆ ಸೇರಿ ರೂಪಿಸಿದ ವಿಕ್ರಮ್ 3201 ಮತ್ತು ಕಲ್ಪನಾ 3201 ಎಂಬ 32 ಬಿಟ್ ಚಿಪ್ಪುಗಳನ್ನು 2025ರ ಮಾರ್ಚ್ 5ರಂದು ಇಸ್ರೋ ಅಧ್ಯಕ್ಷರಿಗೆ ಹಸ್ತಾಂತರಿಸಲಾಯಿತು. ವಿಕ್ರಮ್ ಉಡಾವಣಾ ವಾಹನಗಳಿಗಾಗಿ ಮಾಡಿದ್ದು. ಅದರ ಆಜ್ಞಾಸಮೂಹ ಸ್ವಂತದ್ದು. ಹಾಗಾಗಿ ಅದರ ಏಡಾ ಭಾಷೆಯ ಕಂಪೈಲರ್, ಅಸೆಂಬ್ಲರ್, ಲಿಂಕರ್, ಸಿಮ್ಯುಲೇಟರ್ ಎಲ್ಲವನ್ನೂ ಇಸ್ರೋ ತಾನೇ ಬರೆದುಕೊಂಡಿತು. ಆ ಚಿಪ್ಪಿನ ಮೊದಲ ಕಂತು ಪಿಎಸ್‌ಎಲ್‌ವಿ-ಸಿ60ರ ಪೋಯಮ್-4 ವೇದಿಕೆಯಲ್ಲಿ ಕಕ್ಷೆಗೆ ಹೋಗಿ ಪರೀಕ್ಷೆಗೊಳಗಾಯಿತು. ಕಲ್ಪನಾ ಬೇರೆ ದಾರಿ ಹಿಡಿಯಿತು. ಅದು ಪ್ರಕಟಿತ ಮಾನಕವಾದ ಸ್ಪಾರ್ಕ್ ವಿ8 ಆಜ್ಞಾಸಮೂಹವನ್ನು ಆರಿಸಿಕೊಂಡಿದ್ದರಿಂದ, ಜಗತ್ತಿನಲ್ಲಿ ಈಗಾಗಲೇ ಇರುವ ಮುಕ್ತ ಟೂಲ್‌ಗಳು ಅದಕ್ಕೆ ಒದಗುತ್ತವೆ. ಮೊದಲ ದಾರಿಯಲ್ಲಿ ಪ್ರತಿ ಎಳೆಯೂ ನಮ್ಮ ಹಿಡಿತದಲ್ಲಿರುತ್ತದೆ, ಪ್ರತಿ ದುರಸ್ತಿಯೂ ನಮ್ಮ ತಲೆಯ ಮೇಲಿರುತ್ತದೆ. ಎರಡನೆಯದರಲ್ಲಿ ಜಗತ್ತಿನ ದುಡಿಮೆ ಜೊತೆಗಿರುತ್ತದೆ, ಜಗತ್ತು ಆವೃತ್ತಿ ಬದಲಿಸಿದಾಗ ನಾವೂ ಬದಲಿಸಬೇಕಾಗುತ್ತದೆ. ಪಂಪು, ಮೀಟರುಗಳಂಥ ಅಗ್ಗದ, ಅಸಂಖ್ಯ ಉಪಕರಣಗಳಿಗೆ ಎರಡನೆಯ ದಾರಿಯೇ ಸರಿ ಎಂದು ನನ್ನ ನಿಲುವು. ಆದರೆ ಆವೃತ್ತಿ ದಾಟುವ ಕೆಲಸಕ್ಕೆ ಜನ ಮತ್ತು ಸಮಯವನ್ನು ಮೊದಲೇ ತೆಗೆದಿಡಬೇಕು. ಮೀಟರ್ ಕೊಳ್ಳುವ ಟೆಂಡರುಗಳಲ್ಲಿ ಗಾಜಿನ ದಪ್ಪ, ಸ್ಕ್ರೂ ಅಳತೆ ಬರೆಯುವ ನಾವು, ಒಳಗಿನ ಪ್ರೋಗ್ರಾಮನ್ನು ಹತ್ತು ವರ್ಷದ ನಂತರ ಮತ್ತೆ ಕಟ್ಟಲು ಬರುವಂತೆ ಅದರ ಟೂಲ್‌ಚೈನ್ ಇಟ್ಟಿರಬೇಕು ಎಂಬ ಒಂದು ಸಾಲನ್ನೂ ಬರೆಯಬೇಕು.

ಸೊಲ್ಲಾಪುರ, ವಿಜಯಪುರ, ಕಲಬುರಗಿಯ ಎಂಜಿನಿಯರಿಂಗ್ ಕಾಲೇಜುಗಳ ಅಧ್ಯಾಪಕರಲ್ಲಿ ಒಂದು ಕೋರಿಕೆ. ನಿಮ್ಮ ವಿದ್ಯಾರ್ಥಿಗಳು ಕೊನೆಯ ವರ್ಷದ ಪ್ರಾಜೆಕ್ಟ್ ವರದಿಯಲ್ಲಿ ಚಿಪ್ಪಿನ ಹೆಸರು, ಸರ್ಕಿಟ್ಟಿನ ಚಿತ್ರ ಹಾಕುತ್ತಾರೆ. ಅದರ ಪಕ್ಕದಲ್ಲಿ ಕಂಪೈಲರಿನ ಆವೃತ್ತಿ, ಲೈಬ್ರರಿಯ ಆವೃತ್ತಿ, ಕೊಟ್ಟ ಆಯ್ಕೆಗಳು, ಮೂರನ್ನೂ ಬರೆಸಿ. ಆ ಟೂಲ್‌ಚೈನಿನ ಒಂದು ಪ್ರತಿಯನ್ನು ವಿಭಾಗದ ಗಣಕದಲ್ಲಿ ಇಡಿಸಿ. ಮರುವರ್ಷದ ತಂಡಕ್ಕೆ ಹೊಸ ವಿಷಯ ಕೊಡುವ ಬದಲು, ಅದೇ ಪ್ರಾಜೆಕ್ಟನ್ನು ಹೊಸ ಕಂಪೈಲರಿನಲ್ಲಿ ಕಟ್ಟಿ, ಅದೇ ಬೋರ್ಡಿನ ಮೇಲೆ ಓಡಿಸಿ, ಏನೇನು ಬದಲಾಯಿತೆಂದು ಬರೆದುಕೊಡಲು ಹೇಳಿ.